ಇಂಡಿಯಾನಾದ ಡೀಸೆಲ್ ಡ್ರ್ಯಾಗ್ ರೇಸ್: ಓಟಕ್ಕೆ ನಾಲ್ಕು ಸ್ಟಾರ್, ಹೊಗೆಗೆ ಒಂದೇ

ಮೊದಲೇ ಹೇಳಿಬಿಡುತ್ತೇನೆ, ಓಟ ಭರ್ಜರಿಯಾಗಿತ್ತು. ಟಿಕೆಟ್ ದುಡ್ಡಿಗೆ ಮೋಸ ಇಲ್ಲ. ಆದರೆ ಮನೆಯಲ್ಲಿ ಉಬ್ಬಸ ಇರುವ ಮಗುವೋ ವಯಸ್ಸಾದವರೋ ಇದ್ದು, ಅವರನ್ನೂ ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಇದನ್ನು ಪೂರ್ತಿ ಓದಿ ಆಮೇಲೆ ಹೊರಡಿ.

ನಾವು ಹೋಗಿದ್ದು ದಕ್ಷಿಣ ಇಂಡಿಯಾನಾದ ಒಂದು ಸಣ್ಣ ಟ್ರ್ಯಾಕಿಗೆ. ಸುತ್ತ ಜೋಳದ ಹೊಲ, ನಡುವೆ ಒಂದು ನೇರ ಡಾಂಬರು ರಸ್ತೆ, ಎರಡೂ ಕಡೆ ಅಲ್ಯೂಮಿನಿಯಂ ಮೆಟ್ಟಿಲು. ಟ್ರ್ಯಾಕಿನ ಹೆಸರು ಬರೆಯುವುದಿಲ್ಲ. ನಾನು ಮಾಡುವ ದೂರು ಅವರೊಬ್ಬರದ್ದೇ ತಪ್ಪು ಅಂತಲೂ ನನಗೆ ಅನ್ನಿಸುವುದಿಲ್ಲ, ಡೀಸೆಲ್ ರೇಸ್ ನಡೆಸುವ ಸಣ್ಣ ಟ್ರ್ಯಾಕ್‌ಗಳಿಗೆಲ್ಲ ಇದು ಅನ್ವಯಿಸುತ್ತದೆ. ಟಿಕೆಟ್ ದೊಡ್ಡವರಿಗೆ 25 ಡಾಲರ್, ಸಣ್ಣ ಮಕ್ಕಳಿಗೆ ಫ್ರೀ. ಕಿವಿಗೆ ಇಟ್ಟುಕೊಳ್ಳುವ ಸ್ಪಂಜು ಗೇಟಿನಲ್ಲೇ ಸುಮ್ನೆ ಕೊಟ್ಟರು. ಅದೊಂದು ಒಳ್ಳೆಯ ಕೆಲಸ. ಮಾಸ್ಕ್ ಕೊಡಲಿಲ್ಲ, ಅದರ ಬಗ್ಗೆ ಆಮೇಲೆ.

ನಮ್ಮ ಜೊತೆ ಊರಿಂದ ಬಂದಿದ್ದ ಮಾವನವರೂ ಇದ್ದರು. ಅವರು ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ಡೀಸೆಲ್ ಎಂಜಿನ್ ಅಂದರೆ ಅವರಿಗೆ ಅನ್ನ ಕೊಟ್ಟ ದೇವರು. ಹಾಗಾಗಿ ಈ ವಿಮರ್ಶೆಯಲ್ಲಿ ಅರ್ಧ ಮಾತು ಅವರದ್ದೇ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇಲ್ಲಿ ಓಡುವುದು ರೇಸ್ ಕಾರಲ್ಲ, ಬಹುತೇಕ ಪಿಕಪ್ ಟ್ರಕ್‌ಗಳು. 1989ರಲ್ಲಿ ಡಾಡ್ಜ್ ರ‍್ಯಾಮ್ ಪಿಕಪ್‌ಗೆ ಕಮ್ಮಿನ್ಸ್‌ನ 5.9 ಲೀಟರ್ ಡೀಸೆಲ್ ಎಂಜಿನ್ ಬಂತು, 1994ರಲ್ಲಿ ಫೋರ್ಡ್‌ಗೆ ಪವರ್‌ಸ್ಟ್ರೋಕ್, 2001ರಲ್ಲಿ ಜಿಎಂಗೆ ಡ್ಯುರಾಮ್ಯಾಕ್ಸ್. ಈ ಮೂರರ ಅಭಿಮಾನಿಗಳ ಜಗಳ ನಮ್ಮಲ್ಲಿ ಸಿನಿಮಾ ಹೀರೋಗಳ ಅಭಿಮಾನಿಗಳು ಮಾಡುವ ಜಗಳಕ್ಕೇನೂ ಕಮ್ಮಿ ಇಲ್ಲ. ಕಮ್ಮಿನ್ಸ್‌ನ ಮುಖ್ಯ ಕಚೇರಿ ಇರುವುದು ಇದೇ ರಾಜ್ಯದ ಕೊಲಂಬಸ್ ಊರಿನಲ್ಲಿ, ಅಲ್ಲಿ ಕನ್ನಡದವರೂ ಇದ್ದಾರೆ, ಹಾಗಾಗಿ ನಮ್ಮ ಬೆಂಬಲ ಯಾವ ಕಡೆ ಅಂತ ಬೇರೆ ಹೇಳಬೇಕಾಗಿಲ್ಲ.

ಓಟದ ದೂರ ಎಂಟನೇ ಒಂದು ಮೈಲಿ. ಅಂದರೆ 660 ಅಡಿ, ಸುಮಾರು 200 ಮೀಟರ್. ಎರಡು ಟ್ರಕ್ ಪಕ್ಕಪಕ್ಕ ನಿಲ್ಲುತ್ತವೆ, ಮಧ್ಯೆ ದೀಪದ ಕಂಬ, ಹಳದಿ ಹೋಗಿ ಹಸಿರು ಬಂದರೆ ಬಿಡಬೇಕು. ಇಂಡೆಕ್ಸ್ ಅನ್ನುವ ವರ್ಗಗಳಿವೆ. 7.70 ವರ್ಗ ಅಂದರೆ 7.70 ಸೆಕೆಂಡಿಗೆ ಎಷ್ಟು ಹತ್ತಿರವಾಗಿ ಮುಟ್ಟುತ್ತೀಯೋ ಅಷ್ಟು ಒಳ್ಳೆಯದು, ಅದಕ್ಕಿಂತ ಬೇಗ ಮುಟ್ಟಿದರೆ ಸಾಮಾನ್ಯವಾಗಿ ಸೋಲೇ. ಆಮೇಲೆ 6.70, 5.90 ಹೀಗೆ ಮೇಲೇರುತ್ತದೆ. ಮಗಳಿಗೆ ಇದು ತುಂಬ ಹಿಡಿಸಿತು. ಪ್ರತಿ ಸಲ ಬೋರ್ಡಿನ ಮೇಲೆ ನಂಬರ್ ಬರುವ ಮೊದಲೇ ಊಹೆ ಹೇಳುತ್ತಿದ್ದಳು. ಜೋರಾಗಿ ಓಡಿದವನು ಸೋಲುವ ಆಟ ಮಕ್ಕಳಿಗೆ ವಿಚಿತ್ರ ಖುಷಿ ಕೊಡುತ್ತದೆ.

7,000 ಪೌಂಡ್, ಅಂದರೆ ಮೂರು ಟನ್ನಿಗೂ ಜಾಸ್ತಿ ತೂಗುವ ಗಾಡಿ ನಿಂತಲ್ಲಿಂದ ಏಳು ಸೆಕೆಂಡಿನೊಳಗೆ ಗಂಟೆಗೆ 100 ಮೈಲಿ ದಾಟುವುದನ್ನು ಕಣ್ಣಾರೆ ನೋಡಬೇಕು. ವಿಡಿಯೊದಲ್ಲಿ ಅದು ಗೊತ್ತಾಗುವುದೇ ಇಲ್ಲ. ಮೆಟ್ಟಿಲು ನಡುಗುತ್ತದೆ, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಸಿಳ್ಳೆ ಎದೆಗೇ ಹೊಕ್ಕ ಹಾಗೆ. ಇದಕ್ಕೇ ನಾಲ್ಕು ಸ್ಟಾರ್.

ಈಗ ಹೊಗೆ.

ಮೊದಲ ಜೋಡಿ ಓಟ ಶುರುವಾಗುವ ಗೆರೆಯ ಮೇಲೆ ನಿಂತಿತು. ಎರಡೂ ಟ್ರಕ್ಕಿನ ಹಿಂದಿನಿಂದ ಕಪ್ಪು ಹೊಗೆ ಶುರುವಾಯಿತು, ನಿಲ್ಲಲಿಲ್ಲ, ಎರಡು ಮೂರು ಸೆಕೆಂಡಿನಲ್ಲಿ ಗೆರೆಯ ಹಿಂದೆ ನಿಂತಿದ್ದ ಜನ ಕಾಣಿಸದ ಹಾಗಾಯಿತು. ಮೈಕಿನಲ್ಲಿ ಮಾತಾಡುವವನು ಕೂಗಿ ಕೂಗಿ ಹುರಿದುಂಬಿಸಿದ. ಜನ ಚಪ್ಪಾಳೆ. ಮಾವನವರು ನನ್ನ ಕಡೆ ತಿರುಗಿ, "ಏನ್ರೀ ಅಳಿಯಂದ್ರೇ, ಇವರಿಗೆ ಪಂಪ್ ಕ್ಯಾಲಿಬ್ರೇಷನ್ ಮಾಡೋರು ಸಿಗಲ್ವಾ?" ಅಂದರು. ಡಿಪೋದಲ್ಲಿ ಇಷ್ಟು ಹೊಗೆ ಬಿಡುವ ಗಾಡಿಯನ್ನು ರೂಟಿಗೇ ಬಿಡುತ್ತಿರಲಿಲ್ಲವಂತೆ, ಮೊದಲು ಡೀಸೆಲ್ ಚಿಮ್ಮಿಸುವ ನಾಝಲ್ ಬಿಚ್ಚಿಸುತ್ತಿದ್ದರಂತೆ.

ಅವರ ಮಾತು ತಮಾಷೆ ಅನ್ನಿಸಿದರೂ ಅದರಲ್ಲೇ ಎಲ್ಲ ಇದೆ. ಕಪ್ಪು ಹೊಗೆ ಅಂದರೆ ಪೂರ್ತಿ ಉರಿಯದ ಡೀಸೆಲ್, ಮಸಿಯಾಗಿ ಹೊರಬಿದ್ದದ್ದು. ಒಂದು ಕೆಜಿ ಡೀಸೆಲ್ ಉರಿಯಲು ಲೆಕ್ಕದ ಪ್ರಕಾರ ಸುಮಾರು 14.5 ಕೆಜಿ ಗಾಳಿ ಬೇಕು. ಸಿಲಿಂಡರಿನ ಒಳಗೆ ಡೀಸೆಲ್ಲೂ ಗಾಳಿಯೂ ಸಮನಾಗಿ ಬೆರೆಯುವುದಿಲ್ಲವಾದ್ದರಿಂದ ಹೊಗೆ ಬರಬಾರದು ಅಂದರೆ ಅದಕ್ಕಿಂತ ಸಾಕಷ್ಟು ಜಾಸ್ತಿಯೇ ಗಾಳಿ ಬೇಕು. ಗಾಳಿ ಸಾಲದೆ ಡೀಸೆಲ್ ಮಾತ್ರ ಸುರಿದರೆ ಹಸಿ ಸೌದೆಯನ್ನು ಒಲೆಗೆ ತುರುಕಿದ ಹಾಗೆ, ಹೊಗೆ ಜಾಸ್ತಿ, ಉರಿ ಕಮ್ಮಿ.

ಹಾಗಾದರೆ ರೇಸಿನವರು ಯಾಕೆ ಹಾಗೆ ಮಾಡುತ್ತಾರೆ? ಅದಕ್ಕೂ ಕಾರಣ ಇದೆ, ಎಲ್ಲರೂ ಶೋಕಿಗೆ ಬಿಡುವವರಲ್ಲ. ದೊಡ್ಡ ಟರ್ಬೊ ತಿರುಗಬೇಕಾದರೆ ಎಂಜಿನ್ನಿನಿಂದ ಸೈಲೆನ್ಸರ್ ಕಡೆಗೆ ಬಿಸಿ ಗಾಳಿ ಜೋರಾಗಿ ಹೋಗಬೇಕು. ಗೆರೆಯ ಮೇಲೆ ನಿಂತಿರುವಾಗ ಎಂಜಿನ್ ನಿಧಾನ, ಟರ್ಬೊ ಮಲಗಿರುತ್ತದೆ. ಅದನ್ನು ಎಬ್ಬಿಸಲು ಬ್ರೇಕ್ ಹಿಡಿದುಕೊಂಡೇ ಡೀಸೆಲ್ ಸುರಿಯುತ್ತಾರೆ. ಅಷ್ಟು ಹೊತ್ತು ಹೊಗೆ ಬರುವುದು ಸಹಜ. ಒಮ್ಮೆ ಟರ್ಬೊ ಎದ್ದಿತು ಅಂದರೆ ಗಾಳಿ ಸಿಗುತ್ತದೆ, ಹೊಗೆ ತಿಳಿಯಾಗುತ್ತದೆ. ಚಿಕ್ಕದೊಂದು ದೊಡ್ಡದೊಂದು ಟರ್ಬೊವನ್ನು ಒಂದರ ಹಿಂದೊಂದು ಜೋಡಿಸುವುದು, ನೈಟ್ರಸ್ ಅನ್ನುವ ಅನಿಲ ಕೊಟ್ಟು ಆಮ್ಲಜನಕ ತುಂಬುವುದು, ಇದೆಲ್ಲ ಆ ಎರಡು ಮೂರು ಸೆಕೆಂಡನ್ನು ಉಳಿಸಲಿಕ್ಕೇ.

ನಾನು ಗಮನಿಸಿದ್ದು ಇಷ್ಟೇ. ಕೆಳಗಿನ ವರ್ಗಗಳ ಕೆಲವು ಟ್ರಕ್‌ಗಳು 660 ಅಡಿ ಪೂರ್ತಿ ಹೊಗೆ ಎಳೆದುಕೊಂಡೇ ಹೋದವು. 5.90 ವರ್ಗದ ಟ್ರಕ್‌ಗಳು ಬಂದಾಗ ಗೆರೆಯ ಮೇಲೆ ಒಮ್ಮೆ ಬುಸ್ ಅಂತ ಹೊಗೆ, ಆಮೇಲೆ ತೆಳ್ಳಗೆ ಬೂದು ಬಣ್ಣ, ಅಷ್ಟೇ. ಅವತ್ತು ನಾವು ನೋಡಿದ್ದರಲ್ಲಿ ಎಲ್ಲಕ್ಕಿಂತ ಬೇಗ ಓಡಿದ ಟ್ರಕ್ಕೇ ಎಲ್ಲಕ್ಕಿಂತ ಕಮ್ಮಿ ಹೊಗೆ ಬಿಟ್ಟಿತು. ಆದರೆ ಚಪ್ಪಾಳೆ ಮಾತ್ರ ಹೊಗೆ ಬಿಟ್ಟವನಿಗೇ ಜಾಸ್ತಿ ಬಿತ್ತು. ಮೈಕ್ ಹಿಡಿದವನ ಕೆಲಸ ಅದು. ಅವನು ಸಮಯ ಓದಿ ಹೇಳಿ ಕೂಗಿದ್ದರೆ ಜನ ಸಮಯಕ್ಕೇ ಕೂಗುತ್ತಿದ್ದರು ಅಲ್ವಾ? ಹೊಗೆಗೆ ಬೆಲೆ ಇದೆ ಅಂತ ಗೊತ್ತಾದರೆ ಹುಡುಗರು ಬೇಕಂತಲೇ ಬಿಡುತ್ತಾರೆ.

ಹೊಗೆ ಬರೀ ಮೂಗಿನ ಕಷ್ಟ ಅಂದುಕೊಳ್ಳಬೇಡಿ. ಅವತ್ತು ಗಾಳಿ ಎಡದಿಂದ ಬಲಕ್ಕೆ ಬೀಸುತ್ತಿತ್ತು. ಎಡಗಡೆ ಲೇನಿನವನು ಮೊದಲು ಬಿಟ್ಟ, ಅವನ ಹೊಗೆ ನೇರ ಬಲಗಡೆ ಲೇನಿಗೆ ಹಾಸಿಕೊಂಡಿತು. ಬಲಗಡೆಯವನು ಅರ್ಧ ದಾರಿಯಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದ. ಒಳ್ಳೆಯ ಕೆಲಸ ಮಾಡಿದ, ಮುಂದೆ ಏನಿದೆ ಅಂತ ಕಾಣದೆ ಮೂರು ಟನ್ ಗಾಡಿಯನ್ನು ನೂಕುವುದು ಧೈರ್ಯ ಅಲ್ಲ. ಸಿಟ್ಟು ಬಂದಿದ್ದು ಆಮೇಲೆ. ಆ ಹೊಗೆ ಚದುರುವ ಮೊದಲೇ ಮುಂದಿನ ಜೋಡಿಯನ್ನು ಗೆರೆಗೆ ಕರೆದರು. ಸಂಜೆಯೊಳಗೆ ಮುಗಿಸಬೇಕು ಅನ್ನುವ ಅವಸರ ಇರಬಹುದು. ಅರ್ಧ ನಿಮಿಷ ಕಾದಿದ್ದರೆ ಗಾಳಿಯೇ ಕೆಲಸ ಮಾಡುತ್ತಿತ್ತು.

ಇನ್ನೊಂದು ವಿಷಯ ಮಾವನವರು ಹೇಳುವವರೆಗೂ ನನಗೆ ಹೊಳೆದಿರಲಿಲ್ಲ. ಹೊಗೆಯ ಬಣ್ಣ ನೋಡಿಯೇ ಮೆಕ್ಯಾನಿಕ್ ರೋಗ ಹೇಳುತ್ತಾನೆ. ಕಪ್ಪಾದರೆ ಡೀಸೆಲ್ ಜಾಸ್ತಿ, ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಬಿಳಿಯಾದರೆ ಡೀಸೆಲ್ ಉರಿಯದೆ ಹಾಗೇ ಆವಿಯಾಗಿ ಬರುತ್ತಿದೆ ಅಥವಾ ನೀರು ಒಳಗೆ ಹೋಗಿದೆ. ಎಲ್ಲವೂ ದಟ್ಟ ಕಪ್ಪಾದರೆ ಆಯಿಲ್ ಸೋರುತ್ತಿದೆಯೋ ಇಲ್ಲವೋ ಅಂತ ಗೆರೆಯ ಹತ್ತಿರ ನಿಂತವನಿಗೆ ಹೇಗೆ ಗೊತ್ತಾಗಬೇಕು? ಟ್ರ್ಯಾಕ್ ಮೇಲೆ ಆಯಿಲ್ ಬಿದ್ದರೆ ಹಿಂದೆ ಬರುವವನ ಗತಿ ಏನು?

ಅವತ್ತಿನ ದೊಡ್ಡ ಗಾಬರಿಯ ಕತೆ ಈಗ ಹೇಳುತ್ತೇನೆ. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಹಳೆಯ ಟ್ರಕ್ ಓಟ ಮುಗಿಸಿ ವಾಪಸ್ ಬರುವ ದಾರಿಯಲ್ಲಿ ನಿಂತಿತ್ತು. ಇದ್ದಕ್ಕಿದ್ದ ಹಾಗೆ ಎಂಜಿನ್ ಶಬ್ದ ಏರತೊಡಗಿತು. ನೀಲಿ ಬಿಳಿ ಹೊಗೆ. ಡ್ರೈವರ್ ಕೀ ಆಫ್ ಮಾಡಿದ, ನಿಲ್ಲಲಿಲ್ಲ. ಮಾವನವರು ಎದ್ದು ನಿಂತು "ಅಯ್ಯೋ, ಆಯಿಲ್ ಕುಡೀತಾ ಇದೆ, ಗಾಳಿ ಮುಚ್ಚಬೇಕು" ಅಂದರು ಕನ್ನಡದಲ್ಲೇ, ಅಲ್ಲಿ ಯಾರಿಗೂ ಅರ್ಥವಾಗದ ಹಾಗೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಾಗಿಲ್ಲ. ಟರ್ಬೊ ಸೀಲ್ ಹೋಗಿ ಎಂಜಿನ್ ಆಯಿಲ್ ಗಾಳಿಯ ಜೊತೆ ಒಳಗೆ ಹೋಯಿತು ಅಂದರೆ ಅದನ್ನೇ ಇಂಧನ ಮಾಡಿಕೊಂಡು ಓಡುತ್ತದೆ. ಡೀಸೆಲ್ ನಿಲ್ಲಿಸಿದರೂ ಪ್ರಯೋಜನ ಇಲ್ಲ. ಆಯಿಲ್ ಮುಗಿಯುವವರೆಗೆ ಅಥವಾ ಎಂಜಿನ್ ಒಡೆಯುವವರೆಗೆ ವೇಗ ಏರುತ್ತಲೇ ಹೋಗುತ್ತದೆ. ಗಾಡಿ ನಿಂತಿರುವಾಗ ಇದನ್ನು ನಿಲ್ಲಿಸುವ ಖಚಿತವಾದ ದಾರಿ ಅಂದರೆ ಗಾಳಿ ಬಂದ್ ಮಾಡುವುದು. ಭಾರ ಎಳೆಯುವ ಟ್ರ್ಯಾಕ್ಟರ್ ಪುಲ್ಲಿಂಗ್ ಸ್ಪರ್ಧೆಗಳಲ್ಲಿ ಇದಕ್ಕೆಂದೇ ಗಾಳಿ ಮುಚ್ಚುವ ಕವಾಟ ಇರಬೇಕು ಅನ್ನುವ ನಿಯಮ ಇದೆ, ಒಂದು ಕೇಬಲ್ ಎಳೆದರೆ ಮುಚ್ಚಿಕೊಳ್ಳುತ್ತದೆ.

ಈ ಟ್ರಕ್ಕಿನಲ್ಲಿ ಅದು ಇರಲಿಲ್ಲ. ಕೆಳಗಿನ ವರ್ಗ, ಮನೆಯಿಂದ ಓಡಿಸಿಕೊಂಡು ಬಂದ ಗಾಡಿ. ಒಬ್ಬ ಹುಡುಗ ಒಂದು ಹಲಗೆ ಹಿಡಿದುಕೊಂಡು ಓಡಿ ಬಂದು, ಬಾನೆಟ್ ಎತ್ತಿ, ಗಾಳಿ ಎಳೆಯುವ ಬಾಯಿಗೆ ಒತ್ತಿ ಹಿಡಿದ. ನಿಂತಿತು. ಜನ ಅವನಿಗೆ ಚಪ್ಪಾಳೆ ಹೊಡೆದರು. ನನಗೆ ಕೈ ಎತ್ತಲು ಮನಸ್ಸಾಗಲಿಲ್ಲ. ಆ ಕ್ಷಣದಲ್ಲಿ ಎಂಜಿನ್ ಒಡೆದಿದ್ದರೆ ಅವನ ಮುಖ ಅದರಿಂದ ಒಂದು ಅಡಿ ದೂರದಲ್ಲಿತ್ತು. ಗೇಟಿನಲ್ಲಿ ಹೆಲ್ಮೆಟ್ ನೋಡಿದರು, ಟೈರ್ ನೋಡಿದರು, ಈ ಕವಾಟ ಯಾಕೆ ನೋಡಲಿಲ್ಲ? ಡೀಸೆಲ್ ಅಂತ ಬೋರ್ಡ್ ಹಾಕಿ ಕರೆದ ಮೇಲೆ ಡೀಸೆಲ್ಲಿಗೇ ವಿಶೇಷವಾದ ಅಪಾಯಕ್ಕೆ ವಿಶೇಷ ತಪಾಸಣೆ ಬೇಡವೇ?

ಪುಲ್ಲಿಂಗ್‌ನವರ ಇನ್ನೊಂದು ನಿಯಮ ನನಗೆ ಬಹಳ ಇಷ್ಟ. ಸೈಲೆನ್ಸರ್ ಕೊಳವೆಯೊಳಗೆ 3/8 ಇಂಚಿನ ಎರಡು ಬೋಲ್ಟ್ ಅಡ್ಡಡ್ಡ, ಪ್ಲಸ್ ಗುರುತಿನ ಹಾಗೆ ಹಾಕಿರಬೇಕು. ಟರ್ಬೊ ಚಕ್ರ ಚೂರಾದರೆ ಆ ತುಂಡುಗಳು ಜನರ ಮೇಲೆ ಹಾರದೆ ಒಳಗೇ ತಡೆಯಲಿ ಅಂತ. ಎರಡು ಬೋಲ್ಟಿನ ಖರ್ಚು ಎಷ್ಟು? ಟರ್ಬೊ ನಿಮಿಷಕ್ಕೆ ಲಕ್ಷ ಸುತ್ತಿನ ಹತ್ತಿರ ತಿರುಗುವ ವಸ್ತು, ಅದು ಒಡೆದರೆ ಗುಂಡಿಗೇನು ಕಮ್ಮಿ ಇಲ್ಲ.

ಹೊಗಳಬೇಕಾದದ್ದನ್ನೂ ಹೇಳುತ್ತೇನೆ. ಬೆಂಕಿ ಆರಿಸುವ ಟ್ರಕ್ ಗೆರೆಯ ಹತ್ತಿರವೇ ನಿಂತಿತ್ತು, ಆಂಬುಲೆನ್ಸ್ ಇತ್ತು. ವೇಗದ ವರ್ಗಗಳ ಎಲ್ಲ ಟ್ರಕ್‌ಗಳಲ್ಲಿ ಒಳಗೆ ಕಬ್ಬಿಣದ ಪಂಜರ, ಡ್ರೈವರಿಗೆ ಬೆಂಕಿ ತಡೆಯುವ ಜಾಕೆಟ್ ಇತ್ತು. ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್ ಮುರಿದರೆ ನೆಲಕ್ಕೆ ಚುಚ್ಚಿಕೊಳ್ಳದಂತೆ ಅದರ ಸುತ್ತ ಬಳೆ ಹಾಕಿದ್ದನ್ನು ಒಬ್ಬ ಮಾಲೀಕ ಮಲಗಿ ತೋರಿಸಿದ. ಡೀಸೆಲ್ ಪೆಟ್ರೋಲಿನಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ ಅನ್ನುವುದು ನಿಜ, ಆದರೆ ಸೋರಿದ ಗೇರ್ ಆಯಿಲ್ಲೋ ಎಂಜಿನ್ ಆಯಿಲ್ಲೋ ಕೆಂಪಗೆ ಕಾದ ಟರ್ಬೊ ಮೇಲೆ ಬಿದ್ದರೆ ಸಾಕು.

ಕೊನೆಯ ಗೆರೆ ದಾಟಿದ ಮೇಲೆ ನಿಲ್ಲಲು ಇರುವ ಜಾಗ ಚಿಕ್ಕದಾಗಿ ಕಂಡಿತು. ಸಣ್ಣ ಟ್ರ್ಯಾಕ್‌ಗಳು ಹಗುರ ಕಾರಿಗೆ ಅಂತ ಕಟ್ಟಿದವು, ಎರಡರಷ್ಟು ತೂಕದ ಗಾಡಿ ಅದೇ ವೇಗದಲ್ಲಿ ಬಂದರೆ ಬ್ರೇಕಿಗೆ ಎರಡರಷ್ಟು ಕೆಲಸ. ಇದು ಸುಮ್ನೆ ಹೆದರಿಸುವ ಮಾತಲ್ಲ. 2008ರ ಜೂನ್‌ನಲ್ಲಿ ನ್ಯೂ ಜೆರ್ಸಿಯ ಇಂಗ್ಲಿಷ್‌ಟೌನ್‌ನಲ್ಲಿ ಡ್ರ್ಯಾಗ್ ರೇಸರ್ ಸ್ಕಾಟ್ ಕಲಿಟ್ಟ ಸತ್ತಿದ್ದು ಎಂಜಿನ್ ಸಿಡಿದು ಗಾಡಿ ನಿಲ್ಲದೆ ಜಾಗ ಮೀರಿ ಹೋದದ್ದರಿಂದ. ಅದು ಡೀಸೆಲ್ ಅಲ್ಲ, ನೈಟ್ರೊಮೀಥೇನ್ ಅನ್ನುವ ಇಂಧನದಲ್ಲಿ ಓಡುವ ನೈಟ್ರೊ ಗಾಡಿ. ಅದಾದ ಮೇಲೆ ಅಮೆರಿಕದಲ್ಲಿ ಡ್ರ್ಯಾಗ್ ರೇಸ್ ನಡೆಸುವ ಸಂಸ್ಥೆ ಎನ್‌ಎಚ್‌ಆರ್‌ಎ ಆ ವರ್ಗಗಳ ಓಟವನ್ನು 1,320 ಅಡಿಯಿಂದ 1,000 ಅಡಿಗೆ ಇಳಿಸಿತು. ಅಷ್ಟು ದೊಡ್ಡ ಸಂಸ್ಥೆಯೇ ಓಟವನ್ನು ಮೊಟಕು ಮಾಡಿದೆ ಅಂದಮೇಲೆ ನಿಲ್ಲುವ ಜಾಗ ಎಷ್ಟು ಮುಖ್ಯ ನೋಡಿ.

ಈಗ ಮಗಳ ವಿಷಯ. ಅವಳಿಗೆ ಸಣ್ಣ ಪ್ರಮಾಣದ ಉಬ್ಬಸ ಇದೆ, ಇನ್ಹೇಲರ್ ಜೊತೆಗೇ ಇರುತ್ತದೆ. ನಾವು ಮೊದಲು ಕೂತಿದ್ದು ಗೆರೆಗೆ ಹತ್ತಿರ, ಬಲಗಡೆ, ಗಾಳಿ ಬಂದು ಬಡಿಯುವ ಕಡೆ. ಸ್ವಲ್ಪ ಹೊತ್ತಿಗೇ ಕೆಮ್ಮು ಶುರು. ಎದುರುಗಡೆ ಮೆಟ್ಟಿಲಿಗೆ ಹೋಗಿ, ಓಟ ಮುಗಿಯುವ ತುದಿಯ ಹತ್ತಿರ ಕೂತ ಮೇಲೆ ಸರಿಹೋಯಿತು. ಜಾಗ ಬದಲಿಸಿದ್ದೇ ದೊಡ್ಡ ಔಷಧಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತು. ಅದು ವರ್ಷಗಟ್ಟಲೆ ಹೊಗೆಯಲ್ಲೇ ಕೆಲಸ ಮಾಡುವವರನ್ನು ನೋಡಿ ಹೇಳಿದ್ದು, ಒಂದು ಶನಿವಾರ ರೇಸ್ ನೋಡಿದರೆ ಯಾರಿಗೂ ಕ್ಯಾನ್ಸರ್ ಬರುವುದಿಲ್ಲ. ಆದರೆ ಗೆರೆಯ ಹತ್ತಿರ ದೀಪ ಬಿಡುವವನನ್ನು ನೋಡಿ. ಬೆಳಿಗ್ಗೆಯಿಂದ ಸಂಜೆವರೆಗೆ ಆ ಕಪ್ಪು ಮೋಡದೊಳಗೇ ನಿಂತಿದ್ದ. ಕಿವಿಗೆ ಹೆಡ್‌ಫೋನ್ ಇತ್ತು, ಬಾಯಿಗೆ ಏನೂ ಇಲ್ಲ. ವಾರವಾರವೂ ಅದೇ ಕೆಲಸ ಆದರೆ ಆ ಪಟ್ಟಿ ಅವನಿಗೇ ಅನ್ವಯಿಸುತ್ತದೆ.

ಹೊಗೆಯ ಹುಚ್ಚು ಟ್ರ್ಯಾಕಿನ ಬೇಲಿಯೊಳಗೇ ಇದ್ದಿದ್ದರೆ ನಾನೂ ಇಷ್ಟು ಬರೆಯುತ್ತಿರಲಿಲ್ಲ. ರಸ್ತೆಯಲ್ಲೂ ಬೇಕಂತಲೇ ಹೊಗೆ ಬಿಡುವ ಚಾಳಿ ಇದೆ, ಸೈಕಲ್ ಸವಾರರ ಮೇಲೆ, ಎಲೆಕ್ಟ್ರಿಕ್ ಕಾರಿನವರ ಮೇಲೆ. 2015ರಲ್ಲಿ ನ್ಯೂ ಜೆರ್ಸಿ ಇದನ್ನು ಕಾನೂನು ಮಾಡಿ ನಿಷೇಧಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಟೆಕ್ಸಸ್‌ನ ವಾಲರ್ ಹತ್ತಿರ 16 ವರ್ಷದ ಹುಡುಗನೊಬ್ಬ ಓಡಿಸುತ್ತಿದ್ದ ಪಿಕಪ್ ಆರು ಸೈಕಲ್ ಸವಾರರಿಗೆ ಗುದ್ದಿತು, ಅವನು ಅವರ ಮೇಲೆ ಹೊಗೆ ಬಿಡಲು ಹೋಗಿದ್ದ ಅಂತ ಜೊತೆಯಲ್ಲಿದ್ದ ಸವಾರರು ಹೇಳಿದರು. ಅಮೆರಿಕದ ಪರಿಸರ ಇಲಾಖೆ ಇಪಿಎ 2020ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಅದರ ಹಿಂದಿನ ಹತ್ತು ವರ್ಷಗಳಲ್ಲಿ 5,50,000ಕ್ಕೂ ಜಾಸ್ತಿ ಡೀಸೆಲ್ ಪಿಕಪ್‌ಗಳಿಂದ ಹೊಗೆ ತಡೆಯುವ ಸಾಮಾನು ಕಿತ್ತುಹಾಕಲಾಗಿತ್ತು. ಅಷ್ಟೆಲ್ಲ ಟ್ರಕ್ ರೇಸಿಗೆ ಹೋಗುವುದಿಲ್ಲ ಅಲ್ವಾ. ದೊಡ್ಡವರೂ ಇದರಲ್ಲಿ ಸಾಚಾ ಅಂತೇನಿಲ್ಲ. ಸುಮಾರು 6,30,000 ರ‍್ಯಾಮ್ ಟ್ರಕ್‌ಗಳ ಎಂಜಿನ್ನಿನಲ್ಲಿ ನಿಯಮ ತಪ್ಪಿಸುವ ಸಾಫ್ಟ್‌ವೇರ್ ಇತ್ತು ಅನ್ನುವ ಆರೋಪಕ್ಕೆ ಕಮ್ಮಿನ್ಸ್ ಕಂಪನಿ 167.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿಕೊಂಡಿತು. ತಪ್ಪು ಮಾಡಿದ್ದೇವೆ ಅಂತ ಒಪ್ಪಿಕೊಳ್ಳಲಿಲ್ಲ, ದಂಡಕ್ಕೆ ಮಾತ್ರ ಒಪ್ಪಿಕೊಂಡಿತು.

ಇಂಡಿಯಾನಾದಲ್ಲಿ ಇನ್ನೊಂದು ವಿಚಿತ್ರ. ಗಾಡಿಗಳ ಎಮಿಷನ್ ಟೆಸ್ಟ್ ಕಡ್ಡಾಯ ಇರುವುದು ಷಿಕಾಗೊ ಕಡೆಯ ಲೇಕ್, ಪೋರ್ಟರ್ ಅನ್ನುವ ಎರಡು ಕೌಂಟಿಗಳಲ್ಲಿ ಮಾತ್ರ. ಮಾವನವರಿಗೆ ಇದನ್ನು ನಂಬಲು ಆಗಲೇ ಇಲ್ಲ. ನಮ್ಮೂರಿನ ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಒಂದು ಓಮ್ನಿ ವ್ಯಾನ್ ನಿಲ್ಲಿಸಿಕೊಂಡು ಟೆಸ್ಟ್ ಮಾಡುವವನ ಹತ್ತಿರ ಇರುವ ಹೊಗೆ ಅಳೆಯುವ ಮೆಷಿನ್ ಒಂದನ್ನು ಈ ಟ್ರ್ಯಾಕಿನವರು ಇಟ್ಟುಕೊಂಡರೆ ಸಾಕಲ್ಲವೇ ಅಂದರು. ನನಗೆ ಅದು ಒಳ್ಳೆಯ ಯೋಚನೆ ಅನ್ನಿಸಿತು. ಗೆರೆಯ ಮೇಲೆ ಇಷ್ಟು ಸೆಕೆಂಡಿಗಿಂತ ಜಾಸ್ತಿ ಹೊಗೆ ಬಿಟ್ಟರೆ ಓಟ ರದ್ದು ಅಂತ ಒಂದು ನಿಯಮ ಮಾಡಲಿ, ಟ್ಯೂನ್ ಮಾಡುವವರು ತಾವೇ ದಾರಿ ಹುಡುಕುತ್ತಾರೆ. 0.01 ಸೆಕೆಂಡ್ ಉಳಿಸಲು ತಿಂಗಳುಗಟ್ಟಲೆ ಒದ್ದಾಡುವವರಿಗೆ ಇದೇನು ಕಷ್ಟ.

ಓಟದ ನಡುವೆ ಟ್ರಕ್‌ಗಳನ್ನು ನಿಲ್ಲಿಸಿ ಸರಿಮಾಡುವ ಪಿಟ್ ಜಾಗಕ್ಕೆ ಮಾತ್ರ ಐದು ಸ್ಟಾರ್. ಎಲ್ಲ ಬಾನೆಟ್ ತೆರೆದಿರುತ್ತದೆ, ಯಾರನ್ನು ಬೇಕಾದರೂ ಮಾತಾಡಿಸಬಹುದು, ಯಾರೂ ಮುಖ ಸಿಂಡರಿಸುವುದಿಲ್ಲ. ಒಬ್ಬ ಅಜ್ಜನ 1990ರ ದಶಕದ ಡಾಡ್ಜ್‌ನಲ್ಲಿ ಬಾಷ್‌ನ ಹಳೆಯ ಇನ್‌ಲೈನ್ ಪಂಪ್ ಇತ್ತು, ಕಂಪ್ಯೂಟರ್ ಇಲ್ಲದ್ದು, 1994ರಿಂದ 98ರವರೆಗೆ ಬಂದದ್ದು, ರೇಸಿನವರಿಗೆ ಅದರ ಮೇಲೆ ವಿಪರೀತ ಪ್ರೀತಿ. ಮಾವನವರು ನೋಡಿದ ತಕ್ಷಣ "ಇದು ನಮ್ಮ ಮೈಕೋ ಪಂಪ್ ಥರಾನೇ ಇದೆಯಲ್ರೀ" ಅಂದರು. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ಬಾಷ್‌ನದ್ದೇ ಆಗಿತ್ತಲ್ವಾ, 2008ರಲ್ಲಿ ಹೆಸರೂ ಬಾಷ್ ಅಂತಲೇ ಆಯಿತು. ಆಮೇಲೆ ಮುಕ್ಕಾಲು ಗಂಟೆ ನಾನು ಬರೀ ದುಭಾಷಿ. ಮಾವ ಕೈಯಲ್ಲೇ ತೋರಿಸಿ, ಡೀಸೆಲ್ ಎಷ್ಟು ಹೋಗಬೇಕು ಅಂತ ತೀರ್ಮಾನಿಸುವ ರ‍್ಯಾಕ್ ಹೇಗೆ ಸೆಟ್ ಮಾಡುತ್ತೀರಿ ಅಂತ ಕೇಳಿದರು, ಆ ಅಜ್ಜ ಕೈಯಲ್ಲೇ ಉತ್ತರ ಕೊಟ್ಟರು. ಆ ಟ್ರಕ್ ಎಷ್ಟು ಹೊಗೆ ಬಿಡುತ್ತದೆ ಅಂತ ಕೇಳಿದ್ದಕ್ಕೆ ಅಜ್ಜ ನಕ್ಕು, ಡೀಸೆಲ್ಲಿಗೆ ನಾನು ದುಡ್ಡು ಕೊಟ್ಟಿದ್ದೇನೆ, ಅದನ್ನು ಹೊಗೆ ಮಾಡಿ ಹಾಳು ಮಾಡಲ್ಲ ಅಂದರು.

ಊಟ ಸಾಧಾರಣ. ಇಂಡಿಯಾನಾದವರ ಹೆಮ್ಮೆಯ ಪೋರ್ಕ್ ಟೆಂಡರ್‌ಲಾಯ್ನ್ ಸ್ಯಾಂಡ್‌ವಿಚ್ ಬನ್ನಿನ ಎರಡು ಪಟ್ಟು ಅಗಲ ಇರುತ್ತದೆ, ತಿನ್ನುವವರಿಗೆ ಒಳ್ಳೆಯದೇ. ಸಸ್ಯಾಹಾರಿಗಳಿಗೆ ಫ್ರೆಂಚ್ ಫ್ರೈಸ್, ಸುಟ್ಟ ಜೋಳ, ಲೆಮನ್ ಶೇಕಪ್ ಅನ್ನುವ ನಿಂಬೆ ಶರಬತ್ತು. ನಾವು ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವು, ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಡಬ್ಬಿಗೆ ಮುಚ್ಚಳ ಇರಲಿ, ತೆರೆದಿಟ್ಟರೆ ಮೇಲೆ ಸಣ್ಣ ಕರಿ ಪುಡಿ ಕೂರುತ್ತದೆ. ಬಿಳಿ ಬಟ್ಟೆ ಬೇಡ.

ಹೋಗುವವರು ಎನ್-95 ಮಾಸ್ಕ್ ತೆಗೆದುಕೊಂಡು ಹೋಗಿ, ಬಟ್ಟೆ ಮಾಸ್ಕ್ ಮಸಿಗೆ ಸಾಲದು. ಒಳಗೆ ಕಾಲಿಟ್ಟ ಕೂಡಲೇ ಧ್ವಜ ಯಾವ ಕಡೆ ಹಾರುತ್ತಿದೆ ನೋಡಿ ಅದರ ವಿರುದ್ಧ ಕಡೆ ಕೂರಿ. ಬೇಲಿಗೆ ಅಂಟಿಕೊಂಡು ನಿಲ್ಲಬೇಡಿ, ಅದರಲ್ಲೂ ಓಟಕ್ಕೆ ಮೊದಲು ಟೈರ್ ತಿರುಗಿಸಿ ಬಿಸಿ ಮಾಡುವ ನೀರಿನ ಗುಂಡಿಯ ಹತ್ತಿರ. ಮಕ್ಕಳಿಗೆ ಸ್ಪಂಜಿನ ಬದಲು ದೊಡ್ಡ ಕಿವಿಮುಚ್ಚಳವೇ ವಾಸಿ. ಫೈನಲ್ ನೋಡಿ ಹೊರಡುವಾಗ ಪಾರ್ಕಿಂಗ್ ಗೇಟಿನಲ್ಲಿ ಪ್ರೇಕ್ಷಕರ ಟ್ರಕ್‌ಗಳೇ ಒಂದರ ಹಿಂದೊಂದು ಸಾಲು ನಿಂತು ಹೊಗೆ ಬಿಟ್ಟು ತೋರಿಸುತ್ತವೆ, ಆ ಹದಿನೈದು ಇಪ್ಪತ್ತು ನಿಮಿಷ ಕಿಟಕಿ ಏರಿಸಿ, ಎಸಿಯಲ್ಲಿ ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿಕೊಳ್ಳಿ.